ಮುತ್ಯಾ ಹಚ್ಚಿದ ಹಸಿರು ಬಣ್ಣ

ಪ್ರಶ್ನೆ: ನಮ್ಮ ಮುತ್ಯಾ ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲ್ಟ್ರಿಯಲ್ಲಿದ್ದರು. ಅವರ ಬಿಎಸ್‌ಎ ಎಂ20 ಮೋಟರ್‌ಸೈಕಲ್ ನಲವತ್ತು ವರ್ಷದಿಂದ ತೊಗರಿ ಹೊಟ್ಟಿನ ಕೋಣೆಯಲ್ಲಿ ನಿಂತಿದೆ. ಕಿಕ್ ಇಳಿಯುವುದಿಲ್ಲ. ಎತ್ತಿನ ಗಾಡಿಗೆ ತಂದ ಹಸಿರು ಬಣ್ಣವನ್ನೇ ಮುತ್ಯಾ ಇದಕ್ಕೂ ಹಚ್ಚಿದ್ದರಂತೆ. ಅದನ್ನು ಕೆರೆದು ಮಿಲ್ಟ್ರಿ ಬಣ್ಣ ಹೊಡೆಸೋಣ ಅಂತಾರೆ ಕಾಕಾ. ಇದು ಮುತ್ಯಾ ಯುದ್ಧದಲ್ಲಿ ಓಡಿಸಿದ ಗಾಡಿಯೇ? ಮತ್ತೆ ಓಡುತ್ತದೆಯೇ?
– ಓದುಗ, ಆಳಂದ

ಉತ್ತರ: ಓಡುತ್ತದೆ ತಮ್ಮಾ. ಆದರೆ ಕಿಕ್ ಮೇಲೆ ನಿಂತು ತುಳಿಯಬೇಡಿ. ಪ್ಲಗ್ ಬಿಚ್ಚಿ, ಡೀಸೆಲ್ ಜೊತೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಒಳಗೆ ಹಾಕಿ. ಒಂದು ವಾರ ಹಾಗೇ ಬಿಡಿ. ಆಮೇಲೆ ಟಾಪ್ ಗೇರ್ ಹಾಕಿ ಹಿಂದಿನ ಚಕ್ರ ಮೆಲ್ಲಗೆ ಅಲ್ಲಾಡಿಸಿ. ಜಗ್ಗಲಿಲ್ಲವಾ, ಹೆಡ್ ಅಂದರೆ ಸಿಲಿಂಡರ್ ಮೇಲಿನ ಮುಚ್ಚಳ ಬಿಚ್ಚಿ ನೋಡಿ. 496 ಸಿಸಿಯ ಈ ಇಂಜಿನ್ನಿಗೆ ವಾಲ್ವ್ ಹೆಡ್ಡಿನಲ್ಲಲ್ಲ, ಸಿಲಿಂಡರ್ ಪಕ್ಕದಲ್ಲಿರುತ್ತದೆ, ಹಾಗಾಗಿ ಹೆಡ್ ಬಿಚ್ಚುವುದು ಸುಲಭ. ಎಂಎಂ ಪಾನಾ ಮಾತ್ರ ಹಾಕಬೇಡಿ, ನಟ್ಟಿನ ಮೂಲೆ ಸವೆದು ಹೋಗುತ್ತದೆ. ಇದಕ್ಕೆ ವಿಟ್‌ವರ್ತ್ ಅನ್ನುವ ಹಳೇ ಬ್ರಿಟಿಷ್ ಅಳತೆಯ ಪಾನಾ ಬೇಕು. ನಿಂತ ಗಾಡಿಯಲ್ಲಿ ಆಯಿಲ್ ಟ್ಯಾಂಕಿನ ಆಯಿಲ್ ಇಂಜಿನ್ ಕೇಸಿಗೆ ಇಳಿದಿರುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಅದನ್ನೂ ತೆಗೆಯಿರಿ.

ಇಂಜಿನ್ನಿನ ಎಡಗಡೆ, ಸಿಲಿಂಡರ್ ಕೆಳಗೆ ನಂಬರ್ ಒತ್ತಿರುತ್ತಾರೆ. ಅದು ‘ಡಬ್ಲ್ಯೂಎಂ20’ ಅಂತ ಶುರುವಾದರೆ ಸೈನ್ಯಕ್ಕಾಗಿಯೇ ಮಾಡಿದ ಇಂಜಿನ್. ಮುತ್ಯಾ ಅದನ್ನೇ ಓಡಿಸಿದರು ಅಂತ ಮಾತ್ರ ಅದರಿಂದ ಹೇಳೋಕಾಗಲ್ಲ. ಯುದ್ಧ ಮುಗಿದ ಮೇಲೆ ಇಂಥ ಎಷ್ಟೋ ಗಾಡಿಗಳು ಸೈನ್ಯದ ಡಿಸ್ಪೋಸಲ್‌ ಹರಾಜಿನಲ್ಲಿ ಮಾರಾಟವಾದವು. ಮುತ್ಯಾನ ಟ್ರಂಕ್ ಹುಡುಕಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಅವರು ಯಾವ ದಳದಲ್ಲಿದ್ದರು ಅಂತ ಇರುತ್ತದೆ. ಕೊಂಡ ರಸೀದಿಯೂ ಸಿಗಬಹುದು. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರು ಅಲ್ವಾ, ಹಳೇ ಕಾಗದ ಉರ್ದುವಿನಲ್ಲಿ ಇರಬಹುದು. ಓದೋಕೆ ಬರಲ್ಲ ಅಂತ ಎಸೆಯಬೇಡಿ.

ಇನ್ನು ಬಣ್ಣ. ಇಲ್ಲಿ ಕಾಕಾನ ಮಾತು ಕೇಳಬೇಡಿ. ಕಲಬುರಗಿಯ ನನ್ನ ಗ್ಯಾರೇಜಿನಲ್ಲಿ ನಮ್ಮಪ್ಪನ ಮ್ಯಾಚ್‌ಲೆಸ್ ಜಿ3ಎಲ್ ಅನ್ನು, ಅದೂ ಸೈನ್ಯದಿಂದ ಬಂದ ಮೋಟರ್‌ಸೈಕಲ್ಲೇ, ನಾನೇ ಕೆರೆದೆ. ಕಪ್ಪು ಬಣ್ಣದ ಕೆಳಗೆ ಖಾಕಿ, ಅದರ ಮೇಲೆ ಬಿಳಿ ಅಂಕಿಗಳು ಕಂಡವು. ಕೈ ನಿಲ್ಲಿಸುವಷ್ಟರಲ್ಲಿ ಎರಡೇ ಅಂಕಿ ಉಳಿದಿದ್ದವು. ಸಂಜೆ ಅಪ್ಪ ಬಂದು ಟ್ಯಾಂಕ್ ಸವರಿದರು. ‘ಆ ಕಪ್ಪು ನಾನು ಹಚ್ಚಿದ್ದು, ನೀನು ಹುಟ್ಟಿದ ವರ್ಷ’ ಅಂದರು. ಸೈನ್ಯದ ನಂಬರಿಗಿಂತ ಆ ಕಪ್ಪು ಹೋಗಿದ್ದು ನನಗೆ ಇವತ್ತಿಗೂ ನೋವು.

ಹಾಗಾಗಿ ಹಸಿರು ಇರಲಿ. ಖಾಕಿ ಸೈನ್ಯದವರು ಹಚ್ಚಿದ್ದು, ಹಸಿರು ನಿಮ್ಮ ಮುತ್ಯಾ ಹಚ್ಚಿದ್ದು. ನೋಡಲೇಬೇಕು ಅನ್ನಿಸಿದರೆ ಟ್ಯಾಂಕಿನ ಒಂದು ಪಕ್ಕ, ಅಂಗೈಯಷ್ಟು ಜಾಗದಲ್ಲಿ ಮಾತ್ರ ನೀರು ಹಾಕಿ ಸಣ್ಣ ಪಾಲಿಶ್ ಪೇಪರಿನಿಂದ ಮೆಲ್ಲಗೆ ಉಜ್ಜಿ. ಅಂಕಿ ಕಂಡ ಕೂಡಲೇ ನಿಲ್ಲಿಸಿ, ಫೋಟೋ ತೆಗೆಯಿರಿ.

50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬೇರೆ ನೋಂದಣಿ ನಿಯಮ ಬಂದಿದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, 10 ವರ್ಷ ನಡೆಯುತ್ತದೆ. ದಿನಾ ಸಂತೆಗೆ ಹೋಗಿಬರೋಕೆ ಆಗಲ್ಲ. ಮುತ್ಯಾನ ಹಳೇ ನೋಂದಣಿ ಇದ್ದರೆ ಆ ನಂಬರನ್ನೇ ಉಳಿಸಿಕೊಳ್ಳಬಹುದು. ಅದಕ್ಕೇ ಹೇಳಿದ್ದು, ಮೊದಲು ಟ್ರಂಕ್ ತೆರೆಯಿರಿ.