ಬೇಡದ ಮೇಲ್‌ಗೆ ಹೆದರಿ ಹಳೇ ಐಡಿ ಬಿಡಬೇಡಿ

ಮೂಡಿಗೆರೆ ಹತ್ತಿರ ಹೋಮ್‌ಸ್ಟೇ ಇದೆ, ದಿನಕ್ಕೆ ನಲವತ್ತು ಬೇಡದ ಮೇಲ್ ಬರುತ್ತವೆ, ಮೋಸ ಹೋಗುವ ಭಯ, ಹೊಸ ಐಡಿ ಮಾಡಿ ಹಳೇದನ್ನು ಬಿಟ್ಟುಬಿಡಲೇ ಅಂತ ಕೇಳಿದ್ದೀರಿ. ಬೇಡ. ನನಗೂ ಅಷ್ಟೇ ಬರುತ್ತಿದ್ದವು. ಆದರೆ ನನ್ನ ದುಡ್ಡು ಹೋಗಿದ್ದು ಆ ನಲವತ್ತರಿಂದಲ್ಲ, ನಾನೇ ಕಾಯುತ್ತಿದ್ದ ಒಂದು ಮೇಲ್‌ನಿಂದ.

ಸಕಲೇಶಪುರದ ಕಡೆ ನಮ್ಮದು ಕಾಫಿ ತೋಟ. 2023ರ ಅಕ್ಟೋಬರ್‌ನಲ್ಲಿ, ಅರೇಬಿಕಾ ಕೊಯ್ಲಿಗೆ ಮುಂಚೆ, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕೊಳ್ಳಲು ಒಬ್ಬ ಡೀಲರ್ ಜೊತೆ ಹದಿನೈದು ದಿನ ಮೇಲ್‌ನಲ್ಲೇ ವ್ಯವಹಾರ ನಡೆದಿತ್ತು: ಕೊಟೇಶನ್, ಜಿಎಸ್‌ಟಿ, ಲಾರಿ ಬಾಡಿಗೆ ಎಲ್ಲ. ಹಣ ಹಾಕುವ ಹಿಂದಿನ ದಿನ ಅದೇ ಮೇಲ್ ಸರಣಿಯ ಕೆಳಗೆ ಇನ್ನೊಂದು ಬಂತು. ಹಳೇ ಖಾತೆ ಆಡಿಟ್‌ನಲ್ಲಿದೆ, ಈ ಹೊಸ ಖಾತೆಗೆ ಹಾಕಿ ಅಂತ. ಅನುಮಾನ ಬಂತು, ಫೋನ್ ಮಾಡಿ ಕೇಳಿದೆ, ಹೌದು ಅಂದರು. 1,86,000 ರೂಪಾಯಿ ನೆಫ್ಟ್ ಮಾಡಿದೆ.

ತಪ್ಪಾಗಿದ್ದು ಆ ಫೋನಿನಲ್ಲಿ. ನಾನು ಒತ್ತಿದ್ದು ಆ ಮೇಲ್‌ನ ಅಡಿಯಲ್ಲೇ ಇದ್ದ ನಂಬರನ್ನು. ಲೋಗೋ, ವಿಳಾಸ, ಜಿಎಸ್‌ಟಿ ನಂಬರ್ ಎಲ್ಲ ಮೊದಲಿನಂತೆಯೇ ಇದ್ದವು, ಮೊಬೈಲ್ ನಂಬರ್ ಮಾತ್ರ ಬದಲಾಗಿತ್ತು. ಡೀಲರ್ ಕೊಟ್ಟ ವಿಸಿಟಿಂಗ್ ಕಾರ್ಡ್ ಮೇಜಿನ ಡ್ರಾಯರ್‌ನಲ್ಲೇ ಇತ್ತು, ತೆಗೆಯಲಿಲ್ಲ. ಫೋನ್ ಎತ್ತಿದವನಿಗೆ ಪಲ್ಪರ್ ಮಾಡೆಲ್ ಗೊತ್ತು, ರೇಟು ಗೊತ್ತು, ಲಾರಿ ಯಾವತ್ತು ಹೊರಡುತ್ತದೆ ಅನ್ನೋದೂ ಗೊತ್ತು. ನಮ್ಮ ಮೇಲ್‌ಗಳನ್ನೆಲ್ಲ ಓದಿದ್ದನಲ್ಲ! ಫೋನ್ ಮಾಡದೇ ಇದ್ದಿದ್ದರೆ ಅನುಮಾನವಾದರೂ ಉಳಿದಿರುತ್ತಿತ್ತು. ಮಾಡಿದ್ದಕ್ಕೇ ಅದು ಹೋಯಿತು. ಖಾತೆ ಬದಲಾಗಿದೆ ಅಂತ ಯಾರೇ ಬರೆದರೂ, ಆ ಮೇಲ್ ಬರುವುದಕ್ಕೆ ಮುಂಚೆಯೇ ನಿಮ್ಮ ಹತ್ತಿರ ಇದ್ದ ನಂಬರಿಗೇ ಕರೆ ಮಾಡಿ: ಹಳೇ ಬಿಲ್ಲು, ಕಾರ್ಡು, ಫೋನಿನಲ್ಲಿ ಮೊದಲೇ ಉಳಿಸಿಟ್ಟದ್ದು. ಹೊಸ ಖಾತೆ ನಂಬರನ್ನು ಅವರ ಬಾಯಲ್ಲೇ ಹೇಳಿಸಿ. ನೀವು ಓದಿ ಹೇಳಿ "ಸರಿನಾ" ಅಂತ ಕೇಳಬೇಡಿ.

ಆಮೇಲೆ ಗೊತ್ತಾಗಿದ್ದು, ಡೀಲರ್‌ನ ಮೇಲ್ ಪಾಸ್‌ವರ್ಡ್ ಯಾರಿಗೋ ಸಿಕ್ಕಿ, ಬಂದ ಮೇಲ್‌ಗಳೆಲ್ಲ ಹೊರಗಿನ ಒಂದು ಐಡಿಗೆ ತಾನಾಗಿ ಫಾರ್ವರ್ಡ್ ಆಗುತ್ತಿದ್ದವು. ನನಗೆ ಬಂದ ಕೊನೆಯ ಮೇಲ್‌ನ ವಿಳಾಸದಲ್ಲಿ ಇಂಗ್ಲಿಷಿನ 'ಎಂ' (m) ಅಕ್ಷರದ ಜಾಗದಲ್ಲಿ 'ಆರ್' ಮತ್ತು 'ಎನ್' (rn) ಅಂಟಿಕೊಂಡಿದ್ದವು. ಮೊಬೈಲ್ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಜಿಮೇಲ್‌ನ 'ಶೋ ಒರಿಜಿನಲ್'ನಲ್ಲಿ ಮೇಲ್ ಎಲ್ಲಿಂದ ಬಂತೆಂದು ತಾಳೆ ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಪರೀಕ್ಷೆಗಳು ಮೂರೂ 'ಪಾಸ್' ಅಂತಲೇ ಇತ್ತು. ಅದನ್ನು ನೋಡಿ ನೆಮ್ಮದಿ ಪಡಬೇಡಿ. ಮೇಲ್ ಆ ಡೊಮೇನ್‌ನಿಂದಲೇ (ವಿಳಾಸದಲ್ಲಿ @ ಆದಮೇಲಿನ ಹೆಸರು) ಬಂದಿದೆ ಅನ್ನುವುದಷ್ಟೇ ಅದರ ಅರ್ಥ, ಡೊಮೇನ್ ಕಳ್ಳನದೇ ಆಗಿದ್ದರೂ ಪಾಸ್ ಆಗುತ್ತದೆ.

ನನಗೆ ವಿಷಯ ಗೊತ್ತಾಗುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು, ದುಡ್ಡು ಹಲವು ಖಾತೆ ದಾಟಿ ಎಟಿಎಂನಿಂದ ಹೊರಬಿದ್ದಿತ್ತು. ಅದೇ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರೆ ಮುಂದಿನ ಖಾತೆಯಲ್ಲೇ ತಡೆಹಿಡಿಸುವ ಅವಕಾಶವಿತ್ತು. ಕರೆಗೆ ಮುಂಚೆ ಕೈಯಲ್ಲಿರಬೇಕಾದ್ದು: ಯುಟಿಆರ್ ನಂಬರ್ (ಹಣ ಕಳಿಸಿದ ವ್ಯವಹಾರದ ಗುರುತು, ನೆಫ್ಟ್‌ಗೆ 16 ಅಕ್ಷರ), ಹಣ ಹೋದ ಖಾತೆ, ಐಎಫ್‌ಎಸ್‌ಸಿ, ಮೊತ್ತ, ಹೊತ್ತು. ನಿಮ್ಮ ಬ್ಯಾಂಕಿಗೂ ಆಗಲೇ ತಿಳಿಸಿ, ಬರಹದಲ್ಲಿ. ಚಿಕ್ಕಮಗಳೂರಿನ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆಗೆ ಹೋಗುವುದು ಆಮೇಲಿನ ಮಾತು. ಅಲ್ಲಿಗೆ ಓಡಾಡಿ ಹೊತ್ತು ಕಳೆಯಬೇಡಿ, ಮೊದಲು ಫೋನ್. ಆ ಮೋಸದ ಮೇಲ್ ಅಳಿಸಬೇಡಿ, ಅದೇ ಸಾಕ್ಷಿ.

ಆಗ ನೆಫ್ಟ್ ಮಾಡುವಾಗ ನಾವು ಬರೆದ ಹೆಸರನ್ನು ಯಾರೂ ತಾಳೆ ನೋಡುತ್ತಿರಲಿಲ್ಲ, ಖಾತೆ ನಂಬರ್ ಸರಿ ಇದ್ದರೆ ಹಣ ಹೋಗುತ್ತಿತ್ತು. 2025ರ ಏಪ್ರಿಲ್ 1ರೊಳಗೆ ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಹೆಸರು ಬೇರೆ ಬಂದರೆ ಅಲ್ಲೇ ನಿಲ್ಲಿಸಿ.

ಇನ್ನು ಆ ನಲವತ್ತು ಮೇಲ್. ಹಳೇ ಐಡಿಗೆ ನಿಮ್ಮ ಬ್ಯಾಂಕು, ಜಿಎಸ್‌ಟಿ, ಬುಕಿಂಗ್ ಎಲ್ಲ ಕಟ್ಟಿಕೊಂಡಿವೆ. ಅದನ್ನು ನೋಡದೆ ಬಿಟ್ಟರೆ, ಯಾರೋ ಪಾಸ್‌ವರ್ಡ್ ಬದಲಿಸಲು ಹೊರಟ ಎಚ್ಚರಿಕೆಯೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನೀವೇ ಎಂದೋ ಕೊಂಡ ಅಂಗಡಿಯ ಜಾಹೀರಾತಾದರೆ, ಕಳಿಸಿದವರ ಹೆಸರಿನ ಪಕ್ಕ ಜಿಮೇಲ್ ತಾನೇ ತೋರಿಸುವ 'ಅನ್‌ಸಬ್‌ಸ್ಕ್ರೈಬ್' ಒತ್ತಿ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಒಂದೇ ಒತ್ತಿನಲ್ಲಿ ಬಿಡಿಸಿಕೊಳ್ಳುವ ವ್ಯವಸ್ಥೆ ಇಡಬೇಕೆಂದು ಗೂಗಲ್ 2024ರಲ್ಲಿ ನಿಯಮ ತಂದಿದೆ. ಲಾಟರಿ, ಸಾಲ, ಪಾರ್ಸೆಲ್ ಅಂತ ಗುರುತಿಲ್ಲದವರು ಬರೆದರೆ ಒಳಗಿನ ಯಾವ ಲಿಂಕೂ ಒತ್ತದೆ 'ರಿಪೋರ್ಟ್ ಸ್ಪ್ಯಾಮ್' ಮಾಡಿ. ಅಲ್ಲಿ ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ಹೇಳಿಕೊಟ್ಟ ಹಾಗೆ. ನಿಮಗೆ ಇಷ್ಟೊಂದು ಬರುತ್ತಿರುವುದಕ್ಕೆ ಇದೂ ಕಾರಣವಿರಬಹುದು.

ಹೋಮ್‌ಸ್ಟೇ ಅಂದಮೇಲೆ ಇನ್ನೊಂದು. ಸೈನ್ಯದ ಅಧಿಕಾರಿ ಅಂತ ಹೇಳಿಕೊಂಡು ನಾಲ್ಕು ರೂಮು ಕೇಳಿ, ಅಡ್ವಾನ್ಸ್ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನುವವರಿದ್ದಾರೆ. ಹಣ ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ. ಪಿನ್ ಕೇಳಿತು ಅಂದರೆ ಹೋಗುತ್ತಿರುವುದು ನಿಮ್ಮ ದುಡ್ಡು.

ಇವತ್ತು ರಾತ್ರಿ ಕಂಪ್ಯೂಟರ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆಯಿರಿ. ಮೊಬೈಲ್ ಆ್ಯಪ್‌ನಲ್ಲಿ ಇದು ಪೂರ್ತಿ ಕಾಣುವುದಿಲ್ಲ. 'ಫಾರ್ವರ್ಡಿಂಗ್' ಮತ್ತು 'ಫಿಲ್ಟರ್ಸ್' ಎರಡೂ ಕಡೆ ನೀವು ಹಾಕದ ವಿಳಾಸವೋ ನಿಯಮವೋ ಇದ್ದರೆ ತೆಗೆದುಹಾಕಿ. ಆಮೇಲೆ ಪಾಸ್‌ವರ್ಡ್ ಬದಲಿಸಿ, ಗುರುತಿಲ್ಲದ ಸಾಧನಗಳನ್ನೆಲ್ಲ ಸೈನ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿ. ಈ ಕ್ರಮದಲ್ಲೇ ಮಾಡಿ: ಫಾರ್ವರ್ಡಿಂಗ್ ತೆಗೆಯದೆ ಬರೀ ಪಾಸ್‌ವರ್ಡ್ ಬದಲಿಸಿದರೆ ಮೇಲ್‌ಗಳು ಕಳ್ಳನಿಗೆ ಹೋಗುತ್ತಲೇ ಇರುತ್ತವೆ.