ಹಳೇ ಡೀಸೆಲ್ ಪಿಕಪ್: ಯಾವ ವರ್ಷದ್ದು ಕೊಳ್ಳಬೇಕು?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಟೊಮೆಟೊ, ಮಾವು ಬೆಳೆಯುತ್ತೇವೆ. ಬಾಡಿಗೆ ಗಾಡಿಗೆ ದುಡ್ಡು ಕೊಟ್ಟು ಸಾಕಾಗಿ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ಳೋಣ ಅಂತಿದ್ದೇನೆ. ಮೂರು ಬೊಲೆರೊ ಪಿಕಪ್ ನೋಡಿ ಬಂದೆ. ಒಂದು 2016ರದ್ದು, ಒಬ್ಬರೇ ಓನರ್, ಹೊಸದಾಗಿ ಪೇಂಟ್ ಆಗಿದೆ, ರೇಟು ಕಡಿಮೆ. ಇನ್ನೊಂದು 2018ರದ್ದು, ಎರಡನೇ ಓನರ್ ಹತ್ತಿರ ಇದೆ, ಶಿಡ್ಲಘಟ್ಟಕ್ಕೆ ರೇಷ್ಮೆ ಗೂಡು ಸಾಗಿಸಿದ ಗಾಡಿ. ಮತ್ತೊಂದು 2021ರದ್ದು, ಬೆಂಗಳೂರಿನಲ್ಲಿ ಪಾರ್ಸೆಲ್ ಹಂಚಲು ಓಡಿದ್ದು, ನೋಡಲು ಹೊಸದರ ಹಾಗೇ ಇದೆ. ಸೀಸನ್‌ನಲ್ಲಿ ವಾರಕ್ಕೆ ಮೂರು ಸಲ ಕೋಲಾರದ ಮಂಡಿಗೆ 100 ಕ್ರೇಟ್ ಹಾಕುತ್ತೇವೆ. ಉಳಿದ ದಿನ ತೋಟ, ಊರು, ಡೇರಿ ಅಂತ ನಾಲ್ಕೈದು ಕಿ.ಮೀ. ಓಡಾಟ ಅಷ್ಟೇ. ಯಾವ ವರ್ಷದ್ದು ನಂಬಬಹುದು?

ಉತ್ತರ: ನನ್ನ ಮತ 2018ರದಕ್ಕೆ. ಎರಡನೇ ಓನರ್ ಎಂಬುದು ನಿಮ್ಮ ಮನಸ್ಸನ್ನು ಕೊರೆಯುತ್ತಿರಬಹುದು, ಅದನ್ನು ಸದ್ಯಕ್ಕೆ ಬದಿಗಿಡಿ. ಡೀಸೆಲ್ ಪಿಕಪ್‌ನಲ್ಲಿ ವರ್ಷ ಅಂದರೆ ಬರೀ ವಯಸ್ಸಲ್ಲ. ಆ ಎಂಜಿನ್ನನ್ನು ಯಾವ ಹೊಗೆ ನಿಯಮಕ್ಕೆ ಕಟ್ಟಿದ್ದಾರೆ, ಕೆಟ್ಟರೆ ನಿಮ್ಮೂರ ಗ್ಯಾರೇಜಿನವರ ಕೈಗೆ ಅದು ಸಿಗುತ್ತದೋ ಇಲ್ಲವೋ ಎಂಬುದು ವರ್ಷದಲ್ಲೇ ಇದೆ.

ಆ ಹೊಗೆ ನಿಯಮಕ್ಕೆ ಬಿಎಸ್ (ಭಾರತ್ ಸ್ಟೇಜ್) ಎನ್ನುತ್ತಾರೆ. ದೇಶಕ್ಕೆಲ್ಲ ಬಿಎಸ್-4 ಬಂದದ್ದು 2017ರ ಏಪ್ರಿಲ್ 1ಕ್ಕೆ, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ಕ್ಕೆ. 2023ರ ಏಪ್ರಿಲ್‌ನಿಂದ ಬಿಎಸ್-6ರ ಎರಡನೇ ಹಂತ ನಡೆಯುತ್ತಿದೆ. ಬೆಂಗಳೂರು ಸೇರಿ 13 ನಗರಗಳಲ್ಲಿ 2010ರಿಂದಲೇ ಬಿಎಸ್-4 ಇತ್ತು, ಹಾಗಾಗಿ 2017ರ ಹಿಂದಿನ ಗಾಡಿಗೆ ಇಸವಿ ಒಂದನ್ನೇ ನಂಬಬೇಡಿ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ತಯಾರಾದ ತಿಂಗಳು ಇರುತ್ತದೆ, ಯಾವ ಬಿಎಸ್ ಎಂದು ಬರೆದಿದ್ದರೆ ಅದನ್ನೂ ನೋಡಿ. 2017ರ ಮಾರ್ಚ್ ಕೊನೆಯಲ್ಲಿ ನೋಂದಣಿಯಾದ ಗಾಡಿ ಸಿಕ್ಕರೆ ಇನ್ನೂ ಎಚ್ಚರವಾಗಿರಿ. ಏಪ್ರಿಲ್‌ನಿಂದ ಬಿಎಸ್-3 ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮಾರ್ಚ್ 29ರಂದು ಹೇಳಿತು. ಉಳಿದ ಎರಡೇ ದಿನದಲ್ಲಿ ಷೋರೂಮ್‌ಗಳು ಸಿಕ್ಕ ರೇಟಿಗೆ ಗಾಡಿ ಖಾಲಿ ಮಾಡಿದವು. ಆ ಗಾಡಿಗಳು ಕೆಟ್ಟವೇನಲ್ಲ, ಆದರೆ 2017ರದ್ದು ಎಂದು ಬಿಎಸ್-4 ರೇಟು ಕೇಳಿದರೆ ಕೊಡಬೇಕಾಗಿಲ್ಲ.

ಈಗ ನಿಮ್ಮ 2016ರ ಗಾಡಿ. ಹೆಚ್ಚಾಗಿ ಬಿಎಸ್-3 ಇರುತ್ತದೆ. ಆ ಕಾಲದ ಬಹುತೇಕ ಪಿಕಪ್‌ಗಳಲ್ಲಿ ಡೀಸೆಲ್ ಪಂಪು ಮೆಕ್ಯಾನಿಕಲ್. ಸ್ಕ್ಯಾನರ್ ಬೇಡ, ಸೆನ್ಸರ್ ಕಾಟ ಇಲ್ಲ. ಪಂಪು, ನಾಝಲ್ ಕೆಲಸ ಬಲ್ಲವರು ಕೋಲಾರದಲ್ಲೂ ಇದ್ದಾರೆ, ಚಿಂತಾಮಣಿಯಲ್ಲೂ ಇದ್ದಾರೆ. ಎಂಜಿನ್ ಮಟ್ಟಿಗೆ ನನಗೆ ಇಷ್ಟವೇ. ಅನುಮಾನ ಬರುವುದು ಆ ಹೊಸ ಪೇಂಟಿನ ಮೇಲೆ. ನಿಮ್ಮ ಕಡೆ ಕ್ರಷರ್‌ಗಳು ಕಡಿಮೆಯೇ? ಜಲ್ಲಿ, ಎಂ-ಸ್ಯಾಂಡ್ ಹೊತ್ತ ಪಿಕಪ್‌ನ ಆಯಸ್ಸು ಬೇರೆ, ತರಕಾರಿ ಹೊತ್ತದ್ದರ ಆಯಸ್ಸು ಬೇರೆ. ಮಾರುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಗಾಡಿಯ ಕೆಳಗೆ ನುಸುಳಿ ನೋಡಬೇಕು. ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಎಣಿಸಿ. ಎರಡೂ ಕಡೆ ಬೇರೆ ಬಣ್ಣದ ಎಕ್ಸ್‌ಟ್ರಾ ಪಟ್ಟಿ ಸೇರಿಸಿದ್ದರೆ ಓವರ್‌ಲೋಡ್ ಅದರ ದಿನನಿತ್ಯದ ಕಸುಬಾಗಿತ್ತು ಎಂದೇ ತಿಳಿಯಿರಿ. ಸ್ಪ್ರಿಂಗ್ ಕೂರುವ ಜಾಗದಲ್ಲಿ ಚಾಸಿಸ್‌ಗೆ ವೆಲ್ಡಿಂಗ್ ಗಾಯ ಇದೆಯೇ, ಹಿಂದಿನ ಟೈರು ಒಳಬದಿಗೆ ಮಾತ್ರ ಸವೆದಿದೆಯೇ ನೋಡಿ. ಒಳಬದಿ ಸವೆದಿದ್ದರೆ ಹಿಂದಿನ ಆಕ್ಸಲ್‌ನ ಹೌಸಿಂಗ್ ಬಗ್ಗಿರುವ ಸಂಭವ ಜಾಸ್ತಿ. ಇವುಗಳಲ್ಲಿ ಎರಡು ಕಂಡರೂ ಒಬ್ಬರೇ ಓನರ್ ಎಂಬ ಮಾತಿಗೆ ಬೆಲೆ ಕೊಡಬೇಡಿ.

2021ರದಕ್ಕೆ ಬರೋಣ, ಎಲ್ಲರೂ ಮರುಳಾಗುವುದು ಇಂಥದಕ್ಕೇ. ಪಾರ್ಸೆಲ್ ಹಗುರ, ಹಾಗಾಗಿ ಚಾಸಿಸ್, ಸ್ಪ್ರಿಂಗ್, ತೊಟ್ಟಿ ಚೆನ್ನಾಗಿಯೇ ಇರುತ್ತದೆ. ಏಟು ಬಿದ್ದಿರುವುದು ಕ್ಲಚ್ಚಿಗೆ ಮತ್ತು ಸೈಲೆನ್ಸರ್ ಸಾಲಿನಲ್ಲಿ ಕೂತಿರುವ ಡಿಪಿಎಫ್ ಎಂಬ ಮಸಿ ಫಿಲ್ಟರಿಗೆ. ಬಿಎಸ್-6 ಡೀಸೆಲ್‌ಗಳಲ್ಲಿ ಈ ಫಿಲ್ಟರು ಮಸಿಯನ್ನು ಹಿಡಿದಿಟ್ಟುಕೊಂಡು, ಹೊಗೆಯ ಬಿಸಿ 550-600 ಡಿಗ್ರಿ ಮುಟ್ಟಿದಾಗ ತನ್ನೊಳಗೇ ಸುಟ್ಟುಹಾಕುತ್ತದೆ. ಅಷ್ಟು ಬಿಸಿ ಬರಲು ಗಾಡಿ ಒಂದೇ ಸಮ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮನೆಮನೆಗೆ ನಿಲ್ಲಿಸುತ್ತ ಹೋಗುವ ಗಾಡಿಗೆ ಆ ಭಾಗ್ಯ ಎಲ್ಲಿ ಸಿಗಬೇಕು? ಮಸಿ ಸುಡಲು ಎಂಜಿನ್ ಹೆಚ್ಚಿಗೆ ಡೀಸೆಲ್ ಬಿಡುತ್ತದೆ, ಮಧ್ಯದಲ್ಲೇ ಆಫ್ ಮಾಡಿದರೆ ಅದರಲ್ಲೊಂದಿಷ್ಟು ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮೇಲಿನ ಗೆರೆ ದಾಟಿ, ತೆಳ್ಳಗೆ, ಡೀಸೆಲ್ ವಾಸನೆ ಹೊಡೆಯುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಸೈಲೆನ್ಸರ್ ಬಾಯೊಳಗೆ ಬೆರಳಾಡಿಸಿ, ಎಂಜಿನ್ ತಣ್ಣಗಿರುವಾಗ ಮಾತ್ರ. ಫಿಲ್ಟರ್ ಸರಿಯಿರುವ ಬಿಎಸ್-6 ಗಾಡಿಯಲ್ಲಿ ಬೆರಳಿಗೆ ಮಸಿ ಅಂಟುವುದೇ ಕಡಿಮೆ. ಕಾಡಿಗೆಯಂತೆ ದಪ್ಪ ಮಸಿ ಬಂದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಯಾರೋ ಅದನ್ನು ಕೊರೆದು ಖಾಲಿ ಡಬ್ಬಿ ಮಾಡಿದ್ದಾರೆ. ‘ಪಿಕಪ್ ಚೆನ್ನಾಗಿ ಬರುತ್ತೆ ಸಾರ್’ ಎಂದು ಹೇಳಿ ಹಾಗೆ ಮಾಡಿಕೊಡುವವರು ಇದ್ದಾರೆ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ಉತ್ತರ ಕೊಡಬೇಕಾದವರು ನೀವು.

ನಿಮ್ಮ ಓಡಾಟಕ್ಕೂ ಇದನ್ನು ಹೊಂದಿಸಿ ನೋಡಿ. ಸೀಸನ್‌ನಲ್ಲಿ ಲೋಡ್ ಹಾಕಿಕೊಂಡು ಕೋಲಾರಕ್ಕೆ ಹೋಗಿಬರುವುದು ಡಿಪಿಎಫ್‌ಗೆ ಒಳ್ಳೆಯದೇ. ಆದರೆ ಸೀಸನ್ ಮುಗಿದ ಮೇಲೆ ತಿಂಗಳುಗಟ್ಟಲೆ ನಾಲ್ಕೈದು ಕಿ.ಮೀ. ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ದಿನಾ 60-70 ಕಿ.ಮೀ. ಹೆದ್ದಾರಿ ಓಟ ಇದ್ದಿದ್ದರೆ ನಾನೇ ಬಿಎಸ್-6 ತಗೊಳ್ಳಿ ಎನ್ನುತ್ತಿದ್ದೆ.

2018ರದಕ್ಕೆ ಬಿಎಸ್-4 ಎಂಜಿನ್, 2523 ಸಿಸಿ, ಕಾಮನ್ ರೈಲ್, ಅಂದರೆ ಒಂದೇ ಪೈಪಿನಲ್ಲಿ ಒತ್ತಡಕ್ಕಿಟ್ಟ ಡೀಸೆಲ್ಲನ್ನು ಎಲ್ಲ ಇಂಜೆಕ್ಟರ್‌ಗಳಿಗೆ ಹಂಚುವ ವ್ಯವಸ್ಥೆ. ಮಸಿ ಫಿಲ್ಟರಿನ ರಗಳೆ ಇಲ್ಲ. ಬಿಡಿಭಾಗ ಹೋಬಳಿ ಮಟ್ಟದಲ್ಲೂ ಸಿಗುತ್ತವೆ. ಇದಕ್ಕೆಲ್ಲಕ್ಕಿಂತ ಮುಖ್ಯ, ಅದು ಹೊತ್ತದ್ದು ರೇಷ್ಮೆ ಗೂಡು. ಗೂಡಿನ ಚೀಲ ತೊಟ್ಟಿ ತುಂಬಿದರೂ ತೂಕ ಅಷ್ಟಾಗಿ ಏರುವುದಿಲ್ಲ. ಸ್ಪ್ರಿಂಗ್ ನೋಡಿದರೆ ಆ ಮಾತು ನಿಜವೋ ಅಲ್ಲವೋ ಗೊತ್ತಾಗುತ್ತದೆ. ಕಾಮನ್ ರೈಲ್‌ಗೆ ಶತ್ರು ಎಂದರೆ ನೀರು, ಕಸ ಸೇರಿದ ಡೀಸೆಲ್. ಪಂಪ್‌ಸೆಟ್ಟಿಗೆಂದು ಡ್ರಮ್ಮಿನಲ್ಲಿ ಇಟ್ಟ ಡೀಸೆಲ್ ಇದ್ದರೆ ಈ ಗಾಡಿಗೆ ಅದನ್ನು ಸುರಿಯಲೇಬೇಡಿ, ನಾಲ್ಕೂ ಇಂಜೆಕ್ಟರ್ ಒಟ್ಟಿಗೆ ಹೋದರೆ ಒಂದು ಸೀಸನ್ನಿನ ಲಾಭ ಅಲ್ಲಿಗೇ ಹೋಯಿತು.

ನೋಡಲು ಹೋಗುವಾಗ ಬೆಳಿಗ್ಗೆ ಹೋಗಿ, ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿಬಿಡಿ. ಹೋದವರೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ. ಸ್ಟಾರ್ಟ್ ಆದ ಮೇಲೆ ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಐಡಲ್‌ನಲ್ಲಿ ಆಯಿಲ್ ಕ್ಯಾಪ್ ಬಿಚ್ಚಿದಾಗ ಬುಸುಬುಸು ಹೊಗೆ ಉಗುಳಿದರೆ ರಿಂಗ್, ಬೋರ್ ಕೆಲಸಕ್ಕೆ ಬಂದಿದೆ. ಕಿ.ಮೀ. ಮೀಟರ್ ನಂಬುವ ಕಾಲ ಹೋಯಿತು. ಚಾಸಿಸ್ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಿಂದಿನ ಸರ್ವಿಸ್ ವಿವರ ಕೇಳಿ. ಟೈರಿನ ಮೇಲಿನ ನಾಲ್ಕಂಕಿಯನ್ನೂ ಓದಿ, 2319 ಎಂದಿದ್ದರೆ 2019ರ 23ನೇ ವಾರದ್ದು. ಮೀಟರ್ 40 ಸಾವಿರ ತೋರಿಸುತ್ತಿದ್ದು ಟೈರು ಎರಡನೇ ಸಲ ಬದಲಾಗಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ.

ಕಾಗದದ ವಿಷಯ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ವರ್ಷಕ್ಕೊಮ್ಮೆ. 2018ರದಕ್ಕೆ 2026ರಿಂದ ಪ್ರತಿ ವರ್ಷ ಓಡಾಡಬೇಕು, ರೇಟು ಕುದುರಿಸುವಾಗ ಇದನ್ನು ಹೇಳಿ. ಸಾಲ ಇದ್ದರೆ ಫೈನಾನ್ಸ್‌ನವರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೂ ಪೂರ್ತಿ ದುಡ್ಡು ಕೊಡಬೇಡಿ. ಮಾಲೀಕತ್ವ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಮನೆಯಲ್ಲಿಟ್ಟರೆ ಸಾಲದು, ಹೆಸರು ಬದಲಾಗಬೇಕು. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ನಿಮ್ಮದು ಗಡಿ ತಾಲ್ಲೂಕು, ಮದನಪಲ್ಲಿ ಕಡೆಯಿಂದಲೂ ಗಾಡಿ ಬರುತ್ತವೆ. ಬಿಎಸ್-3 ಲಾರಿಗಳನ್ನು ನಾಗಾಲ್ಯಾಂಡ್‌ನಲ್ಲಿ ಬಿಎಸ್-4 ಎಂದು ನೋಂದಾಯಿಸಿ ಆಂಧ್ರದಲ್ಲಿ ಓಡಿಸಿದ ಹಗರಣ 2020ರಲ್ಲಿ ಬಯಲಾಯಿತು. ಅದರ ನಂತರ ನಾನಂತೂ ಹೊರರಾಜ್ಯದ ಗಾಡಿಯ ಮೊದಲ ನೋಂದಣಿ ಎಲ್ಲಿ ಆದದ್ದು ಎಂದು ನೋಡದೆ ಮುಂದಿನ ಮಾತಾಡುವುದಿಲ್ಲ.

ಕೊನೆಗೆ ನಿಮ್ಮ 100 ಕ್ರೇಟು. ಕ್ರೇಟಿಗೆ 15 ಕೆ.ಜಿ. ಹಣ್ಣೆಂದರೆ 1500 ಕೆ.ಜಿ. ಖಾಲಿ ಕ್ರೇಟುಗಳ ತೂಕ, ಮೇಲೆ ಕೂರುವ ಇಬ್ಬರು ಆಳು ಸೇರಿದರೆ 1700 ಮುಟ್ಟುತ್ತದೆ, ದಾಟಿದರೂ ಆಶ್ಚರ್ಯವಿಲ್ಲ. ಬೊಲೆರೊ ಪಿಕಪ್‌ನಲ್ಲಿ 1.3, 1.5, 1.7 ಟನ್ನಿನವೆಲ್ಲ ಇವೆ, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಆರ್‌ಸಿಯಲ್ಲಿ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. 1.3 ಟನ್ನಿನದಾದರೆ ಕ್ರೇಟನ್ನು 75ಕ್ಕೆ ಇಳಿಸಿ, ಇಲ್ಲವೇ ಬೇರೆ ಗಾಡಿ ಹುಡುಕಿ. ಆಳುಗಳನ್ನು ಲೋಡಿನ ಮೇಲೆ ಕೂರಿಸುವುದನ್ನಂತೂ ಬಿಡಿ. ಒಟ್ಟು ತೂಕ 3000 ಕೆ.ಜಿ. ಮೀರದಿದ್ದರೆ ಪರ್ಮಿಟ್ ಬೇಡ, ಮೀರಿದರೆ ಬೇಕು. ಡ್ರೈವಿಂಗ್ ಲೈಸೆನ್ಸ್ ಎಲ್‌ಎಂವಿ (ಲಘು ವಾಹನದ್ದು) ಇದ್ದರೆ ಸಾಕು, 7500 ಕೆ.ಜಿ.ವರೆಗಿನ ಸರಕು ಗಾಡಿಗೆ ಅದೇ ನಡೆಯುತ್ತದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಪ್ರಶ್ನೆ: ಹುಬ್ಬಳ್ಳ್ಯಾಗ ನೀರಿನ ಕ್ಯಾನ್ ಹಾಕ್ತೀನ್ರಿ. 2012ರ ಡೀಸೆಲ್ ಟಾಟಾ ಏಸ್ ಒಂದು ಭಾಳ ಕಮ್ಮಿಗೆ ಬಂದೈತ್ರಿ. ತಗೊಳ್ಳಲೇನ್ರಿ?

ಉತ್ತರ: ಊರೊಳಗಿನ ಕೆಲಸಕ್ಕೆ ಆ ಎಂಜಿನ್ ಒಳ್ಳೆಯದೇ. 702 ಸಿಸಿ, ಎರಡು ಸಿಲಿಂಡರ್, ಟರ್ಬೊ ಕೂಡ ಇಲ್ಲ, ಕೆಡಲು ಅದರಲ್ಲಿ ಹೆಚ್ಚೇನೂ ಇಲ್ಲ. ಆದರೆ 2027ಕ್ಕೆ ಅದಕ್ಕೆ 15 ವರ್ಷ ತುಂಬುತ್ತದೆ, ವಯಸ್ಸಾದ ಗಾಡಿಗೆ ಎಫ್‌ಸಿ ಶುಲ್ಕವೂ ಜಾಸ್ತಿ, ಮತ್ತೆ ಮಾರಲು ಹೋದರೆ ಕೊಳ್ಳುವವರೂ ಕಡಿಮೆ. ಒಂದೆರಡು ವರ್ಷ ದುಡಿಸಿ ಗುಜರಿಗೆ ಕೊಡುವ ಲೆಕ್ಕದಲ್ಲಿ ರೇಟು ಕೂಡಿಬಂದರೆ ತಗೊಳ್ಳಿ. ಸಾಲ ಮಾಡಿ ತಗೊಳ್ಳಬೇಡಿ. 20 ಲೀಟರಿನ 35 ಕ್ಯಾನ್ ಎಂದರೆ ಆಗಲೇ 700 ಕೆ.ಜಿ., ಅದರ ಮೇಲೆ ಒಂದು ಕ್ಯಾನೂ ಏರಿಸಬೇಡಿ.

ಪ್ರಶ್ನೆ: ಹಾಸನದಲ್ಲಿದ್ದೇನೆ. ಮಂಗಳೂರು ಕಡೆಯ ಒಬ್ಬರು 2021ರ ಪಿಕಪ್ ಮಾರುತ್ತಿದ್ದಾರೆ. ದಕ್ಕೆಯಿಂದ ಮೀನು ತರುತ್ತಿದ್ದ ಗಾಡಿ. ರೇಟು ಮಾರ್ಕೆಟ್ಟಿಗಿಂತ ಬಹಳ ಕಡಿಮೆ ಇದೆ. ಯಾಕಿರಬಹುದು?

ಉತ್ತರ: ಉಪ್ಪುನೀರು. ಎಂಜಿನ್ ಬಹುಶಃ ಚೆನ್ನಾಗಿಯೇ ಇರುತ್ತದೆ. ರಾತ್ರಿಯಿಡೀ ಶಿರಾಡಿ ಹತ್ತಿ ದೂರ ಓಡುವ ಗಾಡಿಗೆ ಡಿಪಿಎಫ್ ಕಟ್ಟಿಕೊಳ್ಳುವುದು ಅಪರೂಪ. ಹಾಳಾಗುವುದು ಮೀನಿನ ಐಸ್ ಕರಗಿ ಇಳಿಯುವ ಜಾಗಗಳೆಲ್ಲ: ತೊಟ್ಟಿಯ ಅಡಿ, ಚಾಸಿಸ್ಸಿನ ಒಳಮೈ, ಬ್ರೇಕ್ ಪೈಪು, ಹಿಂದಿನ ಲೈಟಿನ ವೈರಿಂಗ್ ಕನೆಕ್ಟರು. ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅದನ್ನು ಕೆರೆದೇ ನೋಡಬೇಕು, ಬೇಡ ಎಂದರೆ ವ್ಯಾಪಾರವೂ ಬೇಡ. ಗಾಡಿಯನ್ನು ರ‍್ಯಾಂಪ್ ಹತ್ತಿಸಿ, ಸಣ್ಣ ಸುತ್ತಿಗೆಯಲ್ಲಿ ಚಾಸಿಸ್ ಉದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ, ತಿಂದುಹೋದದ್ದು ದಬ್ಬೆಂದು ಪದರ ಉದುರಿಸುತ್ತದೆ. ತೊಟ್ಟಿ ಹೋಗಿದ್ದರೆ ಹೊಸದು ಕಟ್ಟಿಸಬಹುದು, ಬ್ರೇಕ್ ಪೈಪು ಬದಲಿಸಬಹುದು, ಆ ಖರ್ಚು ಕಳೆದು ರೇಟು ಕೇಳಿ. ಸ್ಪ್ರಿಂಗ್ ಕೂರುವ ಕಡೆ ಚಾಸಿಸ್ಸೇ ತಿಂದುಹೋಗಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.