ರಾತ್ರಿ ಹತ್ತಕ್ಕೆ ಕರೆಂಟ್ ಯಾಕೆ ಹೋಗುತ್ತೆ?

ಪ್ರಶ್ನೆ: ಕಾಕಾ, ದೇಶದಲ್ಲಿ ಸೋಲಾರ್ ಬೇಕಾದಷ್ಟು ಬಂದಿದೆ ಅಂತಾರೆ. ಆದರೆ ಬೇಸಿಗೆಯಲ್ಲಿ ರಾತ್ರಿ ಹತ್ತಾದರೆ ನಮ್ಮ ಓಣಿ ಕತ್ತಲು. ಕೂಸು ಸೆಕೆಗೆ ಅಳುತ್ತದೆ. ಕರೆಂಟ್ ನಿಜವಾಗಲೂ ಕಮ್ಮಿ ಇದೆಯಾ?
– ಒಬ್ಬ ತಾಯಿ, ಆಳಂದ

ಉತ್ತರ: ಅವ್ವಾ, ಮೂವತ್ತು ವರ್ಷ ಕಂಬ ಹತ್ತಿದವನು ನಾನು. ಕೂಸು ಅಳುತ್ತದೆ ಅಂತ ಓದಿ ಹೊಟ್ಟೆ ಚುರುಕ್ ಅಂತು.

2024ರ ಮೇ 30ರಂದು ದೇಶ ಒಮ್ಮೆಗೆ 2.5 ಲಕ್ಷ ಮೆಗಾವ್ಯಾಟ್ ಬೇಡಿತು. ಅಷ್ಟನ್ನೂ ಕೊಟ್ಟರು. ಆದರೆ ಅದು ಹಗಲಿನ ಲೆಕ್ಕ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಸೂರ್ಯ ಮುಳುಗಿದ ಮೇಲೆ ಸೊನ್ನೆ. ಆಗ ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು ಇಂಥವೇ ಗತಿ. ಹಗಲಿನ ಕರೆಂಟ್ ಕೂಡಿಡೋಕೆ ದೊಡ್ಡ ಬ್ಯಾಟರಿ ಬೇಕು, ಇಲ್ಲವೇ ಹಗಲು ನೀರನ್ನು ಮೇಲೆತ್ತಿ ರಾತ್ರಿ ಬಿಡುವ ಯೋಜನೆ ಬೇಕು. ಆ ಕೆಲಸ ಬೇಗ ಆಗಬೇಕು.

ಆದರೆ ಊರೆಲ್ಲ ಬೆಳಕಿದ್ದು ನಿಮ್ಮ ಓಣಿ ಮಾತ್ರ ಕತ್ತಲಾದರೆ, ತೊಂದರೆ ಹೆಚ್ಚಾಗಿ ಟಿಸಿಯಲ್ಲೇ, ಅಂದರೆ ಓಣಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್‌ನಲ್ಲೇ ಇರುತ್ತದೆ.

ಕಲಬುರಗಿಯ ಒಂದು ಬಡಾವಣೆ ನೆನಪಾಗುತ್ತದೆ. ಮೇ ತಿಂಗಳು, ರಾತ್ರಿ ಹನ್ನೊಂದು. 63 ಕೆವಿಎ ಟಿಸಿ, ಅಂದರೆ ಸುಮಾರು 60 ಕಿಲೋವ್ಯಾಟ್ ಹೊರುವಂಥದ್ದು. ಎಣ್ಣೆ ಜಿನುಗಿ ಕಂಬದ ಬುಡದ ಮಣ್ಣು ಕಪ್ಪಾಗಿತ್ತು. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ಯಾರೋ ದಪ್ಪ ತಂತಿ ಸುತ್ತಿದ್ದರು. ಫ್ಯೂಸ್ ಉಳಿಯಿತು, ಒಳಗಿನ ಕಾಯಿಲ್ ಸುಟ್ಟಿತು. ಬೇರೆ ಟಿಸಿ ಬರುವಷ್ಟರಲ್ಲಿ ಮೂರು ರಾತ್ರಿ ಕಳೆದವು. ಜನ ಮಾಳಿಗೆ ಮೇಲೆ ಮಲಗಿದರು. ಮುದುಕರು ಮೆಟ್ಟಿಲು ಹತ್ತಲಾಗದೆ ಕೆಳಗೇ ಕೂತಿದ್ದರು. ಅದನ್ನು ಮರೆಯೋಕೆ ಆಗಲ್ಲ.

ಆ ಟಿಸಿ ಹಾಕಿದಾಗ ಮನೆಗೆ ಎರಡು ಫ್ಯಾನ್, ನಾಲ್ಕು ಬಲ್ಬು. ಈಗ ಎಸಿ ಬಂದಿದೆ. ಒಂದೂವರೆ ಟನ್ನಿನ ಎಸಿ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಅಂದರೆ 75 ವ್ಯಾಟಿನ ಇಪ್ಪತ್ತು ಹಳೇ ಫ್ಯಾನ್ ತಿನ್ನುವಷ್ಟು. ಅಂಥ ನಲವತ್ತು ಎಸಿ ಒಟ್ಟಿಗೆ ಓಡಿದರೆ 63 ಕೆವಿಎ ಮುಗಿದೇ ಹೋಯಿತು, ಅಲ್ವಾ? ಎಸಿ ಹಾಕಿದವರದು ತಪ್ಪು ಅನ್ನಲ್ಲ. ನಮ್ಮ ಕಡೆ ಬಿಸಿಲು ಅಂಥದ್ದು. ಆದರೆ ಮಂಜೂರಾದ ಲೋಡ್ (ಮನೆಗೆ ಇಷ್ಟು ಕರೆಂಟ್ ಅಂತ ಕಂಪನಿ ಬರೆದುಕೊಂಡದ್ದು) ಒಂದು ಕಿಲೋವ್ಯಾಟ್ ಇಟ್ಟುಕೊಂಡು ಸುಮ್ನೆ ಎಸಿ ಜೋಡಿಸಿದರೆ, ಟಿಸಿ ಸಾಲದು ಅಂತ ಕಾಗದದ ಮೇಲೆ ಗೊತ್ತಾಗೋದೇ ಇಲ್ಲ.

ಓಣಿಯವರೆಲ್ಲ ಸೇರಿ ಲೋಡ್ ಹೆಚ್ಚಿಸಲು ಕರೆಂಟ್ ಆಫೀಸಿಗೆ ಅರ್ಜಿ ಕೊಡಿ. ಜೊತೆಗೆ ದೊಡ್ಡ ಟಿಸಿ ಬೇಕು ಅಂತ ಬರೆದು, ಕರೆಂಟ್ ಹೋದ ತಾರೀಖು, ಹೊತ್ತು ಹಾಕಿ ಎಲ್ಲರೂ ಸಹಿ ಮಾಡಿ. ಸ್ವೀಕೃತಿ ತಗೊಳ್ಳದೆ ಬರಬೇಡಿ. ಸಂಕ್ರಾಂತಿ ಮುಗಿದ ಕೂಡಲೇ ಹೋಗಿ, ಯುಗಾದಿ ಆದಮೇಲೆ ಎಲ್ಲ ಓಣಿಯವರೂ ಬಂದು ನಿಂತಿರುತ್ತಾರೆ.